ಕಸ್ತೂರಿ ದೇವರ ಮೇಲೆ ಹಾಕಲಿಲ್ಲ

ತಿಂಗಳ ಮೊದಲ ಭಾನುವಾರ ಮೂಡಲಗಿಯ ಹೊರಗಿನ ಕಾಲೊನಿಯ ಚರ್ಚಿನಲ್ಲಿ ಕರ್ತನ ಭೋಜನ ಇರುತ್ತದೆ. ಪಾಸ್ಟರು ರೊಟ್ಟಿಯ ತುಣುಕುಗಳ ತಟ್ಟೆ ಹಿಡಿದು ಮೇಜಿನ ಮುಂದೆ ನಿಲ್ಲುತ್ತಾರೆ. ಪಕ್ಕದಲ್ಲಿ ದ್ರಾಕ್ಷಿ ರಸದ ಪುಟ್ಟ ಲೋಟಗಳು. ತಗಡಿನ ಸೂರಿನ ಕೆಳಗೆ ಜಮಖಾನೆಯ ಮೇಲೆ ಕೂತವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಹೆಂಗಸರ ಸಾಲಿನಲ್ಲಿ ಒಬ್ಬಳು ಮಾತ್ರ ಏಳುತ್ತಿರಲಿಲ್ಲ. ಕಾಲು ಮಡಚಿ ಉಳಿದವರಿಗೆ ದಾರಿ ಮಾಡಿಕೊಟ್ಟು, ಅವರು ತಿರುಗಿ ಬರುವವರೆಗೆ ಸೆರಗಿನ ತುದಿ ಹಿಡಿದು ಕೂತಿರುತ್ತಿದ್ದಳು. ಆಕೆ ಕಸ್ತೂರಿ. ಎರಡು ವರ್ಷ ಹೀಗೇ ನಡೆಯಿತು.

ಮನಸ್ಸಿನಲ್ಲಿ ಇನ್ನೊಬ್ಬರ ಮೇಲೆ ಹಗೆ ಇಟ್ಟುಕೊಂಡು ಆ ರೊಟ್ಟಿ ಮುಟ್ಟಬಾರದು ಎಂಬುದು ಅವರ ಸಭೆಯ ಕಟ್ಟಳೆ. ಹೆಚ್ಚಿನವರು ಕಟ್ಟಳೆಯನ್ನೂ ನುಂಗುತ್ತಾರೆ, ರೊಟ್ಟಿಯನ್ನೂ ನುಂಗುತ್ತಾರೆ. ಕಸ್ತೂರಿಗೆ ಆ ವಿದ್ಯೆ ಬರಲಿಲ್ಲ.

ವಯಸ್ಸು ಐವತ್ತರ ಆಜೂಬಾಜೂ. ಗೋಕಾಕದ ಖಾಸಗಿ ದವಾಖಾನೆಯೊಂದರಲ್ಲಿ ಆಯಾ. ಗಂಡ ಕಾಮಾಲೆಯಲ್ಲಿ ತೀರಿಹೋದಾಗ ಮಗ ಕಿಶೋರ ಇನ್ನೂ ಅಂಬೆಗಾಲಿಡುತ್ತಿದ್ದ. ಅಂದಿನಿಂದ ಮೂಡಲಗಿ–ಗೋಕಾಕ ಬಸ್ಸೇ ಆಕೆಯ ಅರ್ಧ ಬಾಳು. ಹೆರಿಗೆ ವಾರ್ಡಿನಲ್ಲಿ ಹಾಸಿಗೆ ಬಟ್ಟೆ ಬದಲಿಸುತ್ತ, ನೆಲ ಒರೆಸುತ್ತ ಆಕೆ ಒಂದು ಸಂಗತಿ ಗಮನಿಸಿದ್ದಳು. ಮಗು ಉಳಿದರೆ ಡಾಕ್ಟರರ ಕೈಗುಣ. ಹೋದರೆ ದೇವರ ಇಚ್ಛೆ. ದೇವರು ಈ ಹಂಚಿಕೆಗೆ ಯಾವತ್ತು ಒಪ್ಪಿಗೆ ಕೊಟ್ಟನೋ ಯಾರಿಗೂ ಗೊತ್ತಿಲ್ಲ. ಹಿಂದೂ, ಮುಸಲ್ಮಾನ, ಕ್ರೈಸ್ತ ಎನ್ನದೆ ನಮ್ಮ ಸೀಮೆಯಲ್ಲಿ ಎಲ್ಲರೂ ಜಗಳವಿಲ್ಲದೆ ಒಪ್ಪಿಕೊಂಡ ಧರ್ಮ ಇದೊಂದೇ: ತಪ್ಪಾದಾಗ ಬೆರಳು ಮೇಲಕ್ಕೆ ತೋರಿಸುವುದು.

ಕಿಶೋರ ಸತ್ತಾಗಲೂ ಬೆರಳು ಮೇಲಕ್ಕೇ ಹೋಯಿತು.

ಡಿಸೆಂಬರ್ ಹುಟ್ಟಿದರೆ ಕಾಲೊನಿಯ ಹುಡುಗರು ಚರ್ಚಿನ ಮುಂದೆ ಎತ್ತರದ ಕಂಬ ನೆಟ್ಟು ದೊಡ್ಡ ಬಣ್ಣದ ಕಾಗದದ ನಕ್ಷತ್ರ ಏರಿಸುತ್ತಾರೆ. ಒಳಗೊಂದು ಬಲ್ಬು. ಎಷ್ಟು ಎತ್ತರವೋ ಅಷ್ಟು ಹೆಮ್ಮೆ. ಗೋಕಾಕದವರದು ನಮ್ಮದಕ್ಕಿಂತ ಗಿಡ್ಡ ಎಂದು ಹೇಳಿಕೊಳ್ಳಬೇಕು. ಪ್ರತಿ ವರ್ಷ ಬಿದಿರಿನ ಗಳ ತರುತ್ತಿದ್ದರು. ಆ ವರ್ಷ ಸಭಾ ಹಿರಿಯ ಸತ್ತೆಪ್ಪ, ಕೌಜಲಗಿ ಊರಿನ ಹತ್ತಿರದ ತನ್ನ ಹೊಲದಿಂದ ಕಬ್ಬಿಗೆ ನೀರು ಹಾರಿಸುವ ಸ್ಪ್ರಿಂಕ್ಲರ್ ಪೈಪು ತಂದ. ಅಲ್ಯೂಮಿನಿಯಂ ಪೈಪು. ಒಂದಕ್ಕೊಂದು ಜೋಡಿಸಿದರೆ ಬಿದಿರಿಗಿಂತ ಉದ್ದ, ಎತ್ತಲು ಹಗುರ. ಮೇಲೆ ಕರೆಂಟಿನ ತಂತಿ ಹಾದುಹೋಗಿತ್ತು.

ಕಿಶೋರ ಬಸ್‌ಸ್ಟ್ಯಾಂಡಿನ ಬಾಜೂ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ತಂತಿ, ಕರೆಂಟು ಅವನಿಗೆ ಗೊತ್ತಿದ್ದ ಸಂಗತಿ. ಅವನು ಸತ್ತೆಪ್ಪನಿಗೆ ಹೇಳಿದ:

“ಕಾಕಾ, ಲೈನ್‌ಮನ್‌ಗೆ ಫೋನ್ ಮಾಡಿ ಕರೆಂಟ್ ತಗಸೂಣ್ರಿ. ಇದು ಬಿದಿರಲ್ಲ.”

ಸತ್ತೆಪ್ಪ ನಕ್ಕ. “ದೇವರ ನಕ್ಷತ್ರ ಏರಸಾಕ ಲೈನ್‌ಮನ್ ಅಪ್ಪಣಿ ಬೇಕೇನೋ? ಇಷ್ಟ ಪುಕ್ಕಲ ಇದ್ದಿ ಅಂದ್ರ ಮನಿಗೆ ಹೋಗಿ ಅವ್ವನ ಸೆರಗ ಹಿಡಕೊಂಡ ಕೂಡು.”

ಉಳಿದ ಹುಡುಗರು ಹೋ ಎಂದರು. ಕಿಶೋರ ಉಣ್ಣುವ ನೆಪ ಹೇಳಿ ಮನೆಗೆ ಬಂದು ಕೌದಿ ಹೊದ್ದು ಮಲಗಿದ. ಕಸ್ತೂರಿ ಆಗಷ್ಟೇ ರಾತ್ರಿ ಪಾಳಿ ಮುಗಿಸಿ ಬಂದು ರೊಟ್ಟಿ ಬಡಿಯಲು ಕೂತಿದ್ದಳು. ಹಗಲು ಹೊತ್ತಿನಲ್ಲಿ ಮಲಗಿದ ಮಗನನ್ನು ನೋಡಿ ಮೈ ಉರಿಯಿತು.

“ಎಲ್ಲಾ ಹುಡುಗರು ದೇವರ ಕೆಲಸಕ್ಕ ನಿಂತಾರ, ನೀ ಇಲ್ಲಿ ಬಿದ್ದಿ? ನಿಮ್ಮಪ್ಪ ಇದ್ದಿದ್ರ ಮೊದಲ ಅಂವ ಕಂಬ ಹಿಡೀತಿದ್ದ.”

“ಪೈಪ ಐತಿ ಅವ್ವಾ. ಮ್ಯಾಲ ತಂತಿ ಐತಿ.”

“ದೇವರ ಕೆಲಸಕ್ಕ ಹೋದವರಿಗೆ ಏನ ಆಕ್ಕೈತಿ? ಏಳ್! ಜನಾ ಏನ ಅಂತಾರ?”

ಹಿಟ್ಟಿನ ಕೈಯಲ್ಲೇ ಕೌದಿ ಜಗ್ಗಿದಳು. ಕಿಶೋರ ಎದ್ದ, ಅಂಗಿ ಹಾಕಿಕೊಂಡ, ಹೋದ. ನಾಲ್ವರು ಸೇರಿ ಕಂಬ ಎತ್ತಿದರು. ಅರ್ಧ ಏರಿದಾಗ ಗಾಳಿಗೆ ನಕ್ಷತ್ರ ವಾಲಿತು, ಅದರ ಜೊತೆ ಪೈಪೂ ವಾಲಿ ತಂತಿಗೆ ತಗುಲಿತು. ಮೂವರು ದೂರ ಹೋಗಿ ಬಿದ್ದು ಎದ್ದರು. ಕಿಶೋರ ಏಳಲಿಲ್ಲ.

ಒಂದು ಫೋನು. ಅಷ್ಟೇ ಬೇಕಾಗಿದ್ದದ್ದು. ಲೈನ್‌ಮನ್ ಬರಲು ತಡವಾಗುತ್ತಿತ್ತು, ನಕ್ಷತ್ರ ಸಂಜೆಗೆ ಏರುತ್ತಿತ್ತು. ಸಂಜೆಗೆ ಏರಿದ ನಕ್ಷತ್ರ ಕಡಿಮೆ ಹೊಳೆಯುತ್ತಿತ್ತೇ?

ಪೊಲೀಸರು ಅಕಸ್ಮಾತ್ ಎಂದು ಬರೆದುಕೊಂಡರು. ಮಣ್ಣು ಮಾಡುವ ದಿನ ಸತ್ತೆಪ್ಪ ಗೋರಿಯ ಮುಂದೆ ನಿಂತು ಪ್ರಾರ್ಥನೆ ಮಾಡಿದ. ಕರ್ತನು ತನ್ನ ತೋಟಕ್ಕೆ ಬೇಕಾದ ಹೂವನ್ನು ತಾನೇ ಕಿತ್ತುಕೊಂಡ, ಲೋಕ ಹುಟ್ಟುವ ಮೊದಲೇ ಈ ದಿನವನ್ನು ಗೊತ್ತುಮಾಡಿದ್ದ, ನಾವು ಯಾರು ಕೇಳಲಿಕ್ಕೆ ಎಂದ. ಜನ ಆಮೆನ್ ಅಂದರು. ಸತ್ತೆಪ್ಪ ಕಟುಕನಲ್ಲ. ಕಿಶೋರನನ್ನು ಎರಡೂ ಕೈಯಲ್ಲಿ ಎತ್ತಿ ಜೀಪಿಗೆ ಹಾಕಿದವನು ಅವನೇ; ಸರಕಾರಿ ದವಾಖಾನೆಯ ಕಟ್ಟೆಯ ಮೇಲೆ ಬರಿಗಾಲಲ್ಲಿ ಕೂತು ಕೆನ್ನೆ ಕೆನ್ನೆ ಬಡಿದುಕೊಂಡವನೂ ಅವನೇ. ಆದರೆ ಮಾರನೆಯ ದಿನದ ಹೊತ್ತಿಗೆ ಅವನಿಗೆ ದೇವರ ಚಿತ್ತ ಸಿಕ್ಕಿತ್ತು. ಕಸ್ತೂರಿಗೆ ಸಿಗಲಿಲ್ಲ.

ಸಿಗದೆ ಹೋಗಲು ಕಾರಣವಿತ್ತು. ಪೈಪು ತಂದವನು ಸತ್ತೆಪ್ಪ. ಮಲಗಿದ್ದವನನ್ನು ಎಬ್ಬಿಸಿ ಕಳಿಸಿದವಳು ತಾನು. ಇಬ್ಬರೂ ಹೆಚ್ಚುಕಡಿಮೆ ಒಂದೇ ಮಾತು ಆಡಿದ್ದರು. ಸತ್ತೆಪ್ಪನದು ತಪ್ಪು ಅಂದರೆ ತನ್ನದೂ ತಪ್ಪು. ತನ್ನದು ದೇವರ ಚಿತ್ತ ಎಂದು ಕೈ ತೊಳೆದುಕೊಂಡರೆ ಸತ್ತೆಪ್ಪನ ಕೈಯೂ ಅದೇ ನೀರಿನಲ್ಲಿ ತೊಳೆದುಹೋಗುತ್ತದೆ. ಅವನನ್ನು ಬಿಡಲು ಮನಸ್ಸಿಲ್ಲ, ತನ್ನನ್ನು ಹಿಡಿಯಲು ಧೈರ್ಯವಿಲ್ಲ. ಸತ್ತೆಪ್ಪ ಮಾಡಿದ್ದನ್ನು ಊರೆಲ್ಲ ಕಂಡಿತ್ತು. ಕೌದಿ ಜಗ್ಗಿದ್ದನ್ನು ಕಂಡವನು ಒಬ್ಬನೇ, ಅವನು ಮಣ್ಣಿನಲ್ಲಿದ್ದ. ಹೀಗೆ ಎರಡು ವರ್ಷ ಆಕೆ ಆ ರೊಟ್ಟಿಯ ಹತ್ತಿರ ಸುಳಿಯಲಿಲ್ಲ.

ಕಾಲೊನಿಯವರಿಗಿಂತ ಹೆಚ್ಚು ಆಕೆಯನ್ನು ಬಲ್ಲವಳು ಜೊತೆಯ ಆಯಾ ಹನಮವ್ವ. ಕುರುಬರ ಹೆಂಗಸು, ನಾಲಿಗೆ ಚೂಪು. ಮಧ್ಯಾಹ್ನ ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಹೇಳುತ್ತಿದ್ದಳು:

“ನಮ್ಮೊಳಗ ಇಷ್ಟ ತ್ರಾಸ ಇಲ್ಲ ನೋಡ. ಹುಟ್ಟಿದ ಐದನೇ ದಿನ ಸೆಟಗೆವ್ವ ಬಂದು ಹಣಿಮ್ಯಾಲ ಬರದ ಹೋಗತಾಳ. ಮುಗೀತು. ಈಗ ದವಾಖಾನಿಯವರು ಮೂರನೇ ದಿನಕ್ಕ ಡಿಸ್ಚಾರ್ಜ್ ಮಾಡತಾರ, ಪಾಪ ಅಕಿ ಯಾವ ವಾರ್ಡ್‌ಗೆ ಹುಡಕ್ಕೋಂತ ಹೊಕ್ಕಾಳೋ.”

ಕಸ್ತೂರಿ ನಕ್ಕಳು, ಆಮೇಲೆ ಕೇಳಿದಳು: “ಅಕಿ ಬರದಿದ್ದ ಖರೆ ಆದ್ರ, ಮೊನ್ನಿ ನಿನ್ನ ಮೊಮ್ಮಗ ಮಾಳಿಗಿಯಿಂದ ಬಿದ್ದಾಗ ಸೊಸಿಗೆ ಯಾಕ ಬೈದಿ?”

“ಅಕಿ ಬಾಗಲಾ ಹಾಕಿರಲಿಲ್ಲ!”

“ಸೆಟಗೆವ್ವ ಬರದಿದ್ದಳಲ್ಲ?”

ಹನಮವ್ವ ಬಶಿಯಲ್ಲಿದ್ದ ಚಹಾ ಸೊರ್ ಎಂದು ಎಳೆದುಕೊಂಡಳು. “ಬರದಿದ್ದಳು. ಆದ್ರ ಬಾಗಲಾನೂ ಹಾಕಬೇಕಾಗಿತ್ತು. ನಿನಗ ಎರಡೂ ಕೂಡಿ ತಲ್ಯಾಗ ಹಿಡಸಂಗಿಲ್ಲ, ಅದ ನಿನ್ನ ಬ್ಯಾನಿ.”

ಮೂರನೆಯ ಡಿಸೆಂಬರ್ ಹತ್ತಿರ ಬಂತು. ಒಂದು ಸಂಜೆ ಸತ್ತೆಪ್ಪ ಬಾಳೆಹಣ್ಣು ಹಿಡಿದು ಕಸ್ತೂರಿಯ ಮನೆ ಬಾಗಿಲಿಗೆ ಬಂದ. ಎರಡು ವರ್ಷದಲ್ಲಿ ಮೊದಲ ಸಲ. ಕೂಡ್ರಿ ಎನ್ನುವ ಮೊದಲೇ ಹೊಸ್ತಿಲ ಹತ್ತಿರ ಕೂತ. ಮುದುಕನಾಗಿದ್ದ.

“ತಂಗಿ, ಎರಡ ವರ್ಷ ಆತು ಚರ್ಚಿಗೆ ನಕ್ಷತ್ರ ಇಲ್ಲ. ಹುಡುಗರು ನನ್ನ ಮಾರಿ ನೋಡತಾರ, ನಾ ನಿನ್ನ ಮಾರಿ ನೋಡತೇನಿ. ಈ ವರ್ಷ ಏರಸೂಣು. ಕಿಶೋರನ ಹೆಸರಿಲೇ ಏರಸೂಣು.”

ಕಸ್ತೂರಿ ಒಳಗಿನ ಲೈಟು ಹಾಕಿ ಬಂದು ನಿಂತಳು.

“ಡಿಸೆಂಬರ್ ಮೊದಲನೇ ಭಾನುವಾರ ಭೋಜನ ಐತಿ. ಅದಕ್ಕೂ ಮೊದಲ ನೀ ಎದ್ದ ನಿಂತು ಒಂದ ಸಾಕ್ಷಿ ಹೇಳು. ದೊಡ್ಡ ಮಾತ ಬ್ಯಾಡ. ದೇವರ ಚಿತ್ತ ಇತ್ತು, ಆತು ಅನ್ನು. ಅಷ್ಟ. ಆಮ್ಯಾಲ ಇಬ್ಬರೂ ಕೂಡೇ ರೊಟ್ಟಿ ತಗೊಳ್ಳೂಣು.”

“ನೀವು ಬಿಡದ ತಗೊಳ್ಳಾಕತ್ತೀರಲ್ರಿ ಅಣ್ಣಾ, ಎರಡ ವರ್ಷದಿಂದ.”

ಸತ್ತೆಪ್ಪ ನೆಲ ನೋಡಿದ. “ಸಭಾ ಹಿರ್ಯಾನ ರೊಟ್ಟಿ ಬಿಟ್ರ ಜನಾ ಏನ ಅಂತಾರ?”

ತಾನು ಕೌದಿ ಜಗ್ಗುವಾಗ ಆಡಿದ ಮಾತೇ. ಕಸ್ತೂರಿ ಬಾಳೆಹಣ್ಣು ಒಳಗಿಟ್ಟಳು. ಹೋಗುವಾಗ ಸತ್ತೆಪ್ಪ ಮೆಟ್ಟಿಲ ಮೇಲೆ ನಿಂತು, ತಿರುಗಿ ನೋಡದೆ ಹೇಳಿದ: “ದೇವರ ಚಿತ್ತ ಅಲ್ಲಾ ಅಂದ್ರ ನಾ ಬದುಕೂದು ಹ್ಯಾಂಗ ಹೇಳ ತಂಗಿ.”

ಆ ಮಾತು ಆಕೆಗೆ ಸಿಟ್ಟು ತರಿಸಬೇಕಿತ್ತು. ದಣಿವು ತಂದಿತು.

ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಕಡೆಯ ಸಭೆಗಳಿಗೆ ಒಬ್ಬರೇ ಪಾಸ್ಟರು, ಸುಧಾಕರ. ಮನೆ ಬೆಲ್ಲದ ಬಾಗೇವಾಡಿಯಲ್ಲಿ, ಸಂಸಾರ ಬೈಕಿನ ಮೇಲೆ. ಕಸ್ತೂರಿಯ ಮಗನಿಗಿಂತ ಸ್ವಲ್ಪ ದೊಡ್ಡ ವಯಸ್ಸು. ಕಿಶೋರ ಹೋದ ಮೇಲೆ ಈ ಸಭೆಗಳಿಗೆ ಬಂದವರು. ರೋಗಿಯೊಬ್ಬರಿಗೆ ಪ್ರಾರ್ಥನೆ ಮಾಡಲು ದವಾಖಾನೆಗೆ ಬಂದಾಗ ಕಸ್ತೂರಿ ಅವರನ್ನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಹಿಡಿದು ಕೂರಿಸಿದಳು.

“ಪಾಸ್ಟರ್, ಒಂದ ಕೇಳತೇನಿ, ಸುತ್ತಿ ಬಳಸಿ ಹೇಳಬ್ಯಾಡ್ರಿ. ನನ್ನ ಮಗ ಅವತ್ತ ಸಾಯೂದು ದೇವರಿಗೆ ಮೊದಲ ಗೊತ್ತಿತ್ತೋ ಇಲ್ಲೋ?”

“ಗೊತ್ತಿತ್ತು ಕಸ್ತೂರಕ್ಕಾ.”

“ಗೊತ್ತಿದ್ದು ಸುಮ್ಮಕಿದ್ದ?”

ಪಾಸ್ಟರು ಹೆಲ್ಮೆಟ್ಟನ್ನು ತೊಡೆಯ ಮೇಲೆ ತಿರುಗಿಸಿದರು. “ನೋಡ್ರಿ, ಹಿಡಕಲ್ ಡ್ಯಾಮಿನವರು ಕೆನಾಲಿಗೆ ನೀರ ಬಿಡತಾರ. ಯಾವ ದಿನ ಯಾವ ಊರಿಗೆ ಮುಟ್ಟತೈತಿ ಅವರಿಗೆ ಗೊತ್ತಿರತೈತಿ. ಆದ್ರ ಹೊಲದ ಒಡ್ಡ ಒಡೆಯೂದು ರೈತನ ಕೈ. ನೀರು ಅವರದು, ಗುದ್ದಲಿ ನಮ್ಮದು. ಎರಡೂ ಖರೆ.”

“ಕೆನಾಲ್‌ನ್ಯಾಗ ಕೂಸ ಬಿದ್ರ ನೀರ ಬಿಟ್ಟವರನ್ನೂ ಜನಾ ಕೇಳತಾರ್ರಿ.”

ಪಾಸ್ಟರು ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಸೆಮಿನರಿ ಪರೀಕ್ಷಾದಾಗ ಇದ ಪ್ರಶ್ನಿ ಬಂದಿತ್ತು. ದೇವರು ಮೊದಲ ಗೊತ್ತು ಮಾಡಿದ್ದೂ ಖರೆ, ಮನಷ್ಯಾ ತಾನ ಆರಿಸಿಕೊಳ್ಳೂದೂ ಖರೆ ಅಂತ ನಾಕ ಹಾಳಿ ಬರದೆ. ಪಾಸ್ ಮಾಡಿದ್ರು. ಅದರ ಮ್ಯಾಲ ನನಗ ಹೆಚ್ಚು ತಿಳದಿಲ್ಲ ಅಕ್ಕಾ. ಸುಳ್ಳ ಹೇಳಿ ನಿಮ್ಮನ್ನ ಸಮಾಧಾನ ಮಾಡಲಿ ಅಂದ್ರ ಮಾಡತೇನಿ.”

“ಬ್ಯಾಡ್ರಿ. ಅದನ್ನ ಮಾಡಾಕ ಹಿರ್ಯಾರು ಅದಾರ.”

ಇಬ್ಬರೂ ಮೆಲ್ಲಗೆ ನಕ್ಕರು. ನರ್ಸು ಒಳಗಿನಿಂದ ಕಸ್ತೂರಿಯನ್ನು ಕೂಗಿದಳು. ಏಳುವ ಮೊದಲು ಆಕೆ ಕೇಳಿದಳು: “ಸಾಕ್ಷಿ ಹೇಳಾಕ ನಿಂತ್ರ, ಖರೆ ಹೇಳಬಹುದೇನ್ರಿ?” ಪಾಸ್ಟರಿಗೆ ಪ್ರಶ್ನೆ ಅರ್ಥವಾಯಿತು. ಸಭೆ ಒಡೆದರೆ ಅವರ ಕೆಲಸವೂ ಹೋದೀತು. ಆದರೂ ಅಂದರು: “ಸಾಕ್ಷಿ ಅಂದ್ರ ಅದ ಅಲ್ರಿ ಮತ್ತ.”

ಭಾನುವಾರ ಬಂತು. ಹಾಡು ಮುಗಿಯಿತು. ಸತ್ತೆಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಎದ್ದು, ಸಹೋದರಿ ಕಸ್ತೂರಿ ಇವತ್ತು ದೇವರ ಚಿತ್ತದ ಬಗ್ಗೆ ಸಾಕ್ಷಿ ಹೇಳುತ್ತಾಳೆ ಎಂದು ಸಾರಿದ. ಅವನ ದನಿಯಲ್ಲಿ ಎರಡು ವರ್ಷದಿಂದ ಇಲ್ಲದ ಹಗುರತನವಿತ್ತು. ಎಲ್ಲರೂ ತಿರುಗಿ ನೋಡಿದರು. ಕಸ್ತೂರಿ ಗೋಡೆ ಹಿಡಿದು ಎದ್ದಳು.

“ನನಗ ಭಾಷಣ ಬರಂಗಿಲ್ಲ. ಅವತ್ತ ಪೈಪ ತಂದವರು ಸತ್ತೆಪ್ಪಣ್ಣ. ಕರೆಂಟ್ ತಗಸೂಣು ಅಂದ ಹುಡುಗನಿಗೆ ಪುಕ್ಕಲ ಅಂದವರೂ ಅವರ. ಅದನ್ನ ನೀವೆಲ್ಲಾ ಕಂಡೀರಿ. ಕಂಡು ಆಮೆನ್ ಅಂದೀರಿ.”

ಯಾರೋ ಗಂಟಲು ಸರಿಮಾಡಿಕೊಂಡರು.

“ನೀವು ಕಾಣದ್ದು ಒಂದ ಐತಿ. ನನ್ನ ಮಗ ಹೆದರಿ ಮನಿಗೆ ಬಂದಿದ್ದ. ತಂತಿ ಐತಿ ಅವ್ವಾ ಅಂತ ಹೇಳಿದ. ಕೌದಿ ಜಗ್ಗಿ ಎಬ್ಬಿಸಿದಾಕಿ ನಾನು. ದೇವರ ಕೆಲಸಕ್ಕ ಹೋದವರಿಗೆ ಏನೂ ಆಗಂಗಿಲ್ಲ ಅಂತ ಅಂದೆ. ನಾ ಅಂದಿದ್ದು ಅದು. ದೇವರು ಅಂದಿದ್ದಲ್ಲ.” ಉಸಿರು ತೆಗೆದುಕೊಂಡಳು. “ಅವಂಗ ಮೊದಲ ಗೊತ್ತಿದ್ದೀತು. ಯಾಕ ಸುಮ್ಮಕಿದ್ದ ಅಂತ ನಾ ದಿನಾ ಕೇಳತೇನಿ, ಇನ್ನೂ ಹೇಳಿಲ್ಲ. ಆದ್ರ ಅವತ್ತ ಬಾಯಿ ನಂದ ಇತ್ತು. ಕೈ ನಂದ ಇತ್ತು. ಇದನ್ನ ತಗೊಂಡ ಹೋಗಿ ಅವನ ಮ್ಯಾಲ ಹಾಕಾಕ ನನ್ನಿಂದ ಆಗಂಗಿಲ್ಲ.”

ಕೂತಳು. ಪಕ್ಕದ ಹೆಂಗಸು ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು, ಏನು ಮಾಡಬೇಕು ತಿಳಿಯದೆ ತೆಗೆದಳು. ಸತ್ತೆಪ್ಪ ಯಾರನ್ನೂ ನೋಡದೆ ಬಾಗಿಲಿನಿಂದ ಹೊರಗೆ ಹೋದ.

ಪಾಸ್ಟರು ತಟ್ಟೆ ಎತ್ತಿಕೊಂಡರು. ಜನ ಏಳಲು ಅಳುಕಿದರು. ಆಗ ಕಸ್ತೂರಿ ಎದ್ದಳು. ಮೇಜಿನ ಕಡೆ ಅಲ್ಲ, ಬಾಗಿಲ ಕಡೆ ನಡೆದಳು. ಸತ್ತೆಪ್ಪ ಹೊರಗೆ ಚಪ್ಪಲಿಗಳ ನಡುವೆ ಮೆಟ್ಟಿಲ ಮೇಲೆ ಕೂತಿದ್ದ. ತನ್ನ ಚಪ್ಪಲಿ ಯಾವುದು ಎಂದು ಹುಡುಕುತ್ತಿದ್ದವನ ಹಾಗೆ ಕೈ ಆಡಿಸುತ್ತಿದ್ದ, ಆದರೆ ಹುಡುಕುತ್ತಿರಲಿಲ್ಲ.

“ಮಂದ್ಯಾಗ ನನ್ನ ಮ್ಯಾಲ ಹಾಕಿದೆಲ್ಲ ತಂಗಿ.”

“ಅರ್ಧ ಹಾಕೇನಿ. ಅರ್ಧ ನಾ ಇಟಗೊಂಡೇನಿ.”

“ದೇವರಿಗೆ ಏನೂ ಉಳಸಲಿಲ್ಲ?”

“ಅವಂದ ಅವ ಹೇಳಲಿ. ಅವನ ಪಾಲಿನ ಮಾತ ನಾವು ಹೇಳೂದು ಬ್ಯಾಡ.” ಕಸ್ತೂರಿ ಬಾಗಿಲ ಚೌಕಟ್ಟಿಗೆ ಒರಗಿದಳು. ಬೆಳಗಿನ ಜಾವ ಪಾಳಿ ಮುಗಿಸಿ ನೇರ ಬಂದಿದ್ದಳು. “ಒಳಗ ಬರ್ರಿ. ನಿಮ್ಮ ಮ್ಯಾಲ ನನಗ ಸಿಟ್ಟ ಐತಿ, ಇನ್ನೂ ಐತಿ. ಆದ್ರ ಹಗಿ ಇಲ್ಲ. ಹಗಿ ಇಟಗೋಬೇಕಂದ್ರ ನನ್ನ ಮ್ಯಾಲೂ ಇಟಗೋಬೇಕಾಕ್ಕೈತಿ. ಎರಡ ವರ್ಷ ಇಟಗೊಂಡ ನೋಡೇನಿ. ಸಾಕಾಗೇತಿ.”

ಸತ್ತೆಪ್ಪ ತಲೆ ಅಲ್ಲಾಡಿಸಿದ. “ಇವತ್ತ ನನ್ನಿಂದ ಆಗಂಗಿಲ್ಲ. ಇಷ್ಟ ದಿನಾ ಹ್ಯಾಂಗ ತಿಂದೆನೋ, ಗೊತ್ತಿಲ್ಲ.”

ಆಕೆ ಒತ್ತಾಯಿಸಲಿಲ್ಲ. ಒಬ್ಬಳೇ ಒಳಗೆ ಹೋಗಿ ಮೇಜಿನ ಮುಂದೆ ಕೈ ಚಾಚಿದಳು. ರೊಟ್ಟಿ ಒಣಗಿತ್ತು. ಗಂಟಲಿನಲ್ಲಿ ನಿಂತಿತು. ರಸ ಕುಡಿದ ಮೇಲೆ ಇಳಿಯಿತು.

ಮರುದಿನ ದವಾಖಾನೆಯಲ್ಲಿ ಹನಮವ್ವ ಕೇಳಿದಳು, “ಹಗುರ ಆತೇನ?”

“ಇಲ್ಲ. ಇಷ್ಟ ಭಾರ ಐತಿ ಅಂತ ಗೊತ್ತಾತು, ಅಷ್ಟ.”

ಕಸ್ತೂರಿ ಸಭೆಯಲ್ಲಿ ಹೇಳಿದ ಮಾತಿಗೆ ಕಾಲೊನಿ ಒಂದಷ್ಟು ದಿನ ಎರಡಾಯಿತು. ಹೆತ್ತ ತಾಯಿಯೇ ಹೀಗೆ ಹೇಳಬಹುದೇ ಎಂದವರಿದ್ದರು. ನಂಬಿಕೆ ಕಳೆದುಕೊಂಡಿದ್ದಾಳೆ ಎಂದವರೂ ಇದ್ದರು. ಇವರೇ ಎರಡು ವರ್ಷ ಆಕೆಯ ಕಿವಿಯಲ್ಲಿ ದೇವರ ಚಿತ್ತ ಎಂದು ಪಿಸುಗುಟ್ಟಿದವರು. ಒಬ್ಬ ಮನುಷ್ಯ ತನ್ನ ತಪ್ಪನ್ನು ತನ್ನದು ಎಂದರೆ ನಂಬಿಕೆ ಹೋಗುತ್ತದಂತೆ! ತಪ್ಪನ್ನು ಆಕಾಶಕ್ಕೆ ಎಸೆದು ಕೈ ಒರೆಸಿಕೊಂಡರೆ ನಂಬಿಕೆ ಗಟ್ಟಿಯಾಗುತ್ತದಂತೆ. ಇಂಥ ನಂಬಿಕೆ ದೇವರಿಗಾದರೂ ಯಾಕೆ ಬೇಕು?

ಆ ವರ್ಷ ನಕ್ಷತ್ರ ಏರಿತು. ಬಿದಿರಿನ ಗಳ. ಮೂಡಲಗಿಯ ಕರೆಂಟ್ ಆಫೀಸಿಗೆ ಹೋಗಿ ನಿಂತವನು ಸತ್ತೆಪ್ಪ. ಇವತ್ತು ಬಾ, ನಾಳೆ ಬಾ ಎಂದು ಅಲೆಸಿದರು, ಅಲೆದ. ಲೈನ್‌ಮನ್ ಬಂದು ಕರೆಂಟು ತೆಗೆದು ಕೈಸನ್ನೆ ಮಾಡುವವರೆಗೆ ಯಾವ ಹುಡುಗನನ್ನೂ ಗಳದ ಹತ್ತಿರ ಬಿಡಲಿಲ್ಲ. ನಕ್ಷತ್ರಕ್ಕೆ ಯಾರ ಹೆಸರನ್ನೂ ಇಡಲಿಲ್ಲ. ಅದು ಕಸ್ತೂರಿಯ ಮಾತು.

ಸತ್ತೆಪ್ಪ ಹಿರಿತನ ಬಿಟ್ಟುಕೊಟ್ಟ. ಈಗ ಗಂಡಸರ ಕಡೆ ಹಿಂದಿನ ಗೋಡೆಗೆ ಒರಗಿ ಕೂಡುತ್ತಾನೆ. ತಿಂಗಳ ಮೊದಲ ಭಾನುವಾರ ಎಲ್ಲರೂ ಎದ್ದಾಗ ಅವನು ಏಳುವುದಿಲ್ಲ. ಕಸ್ತೂರಿ ಮೇಜಿನಿಂದ ತಿರುಗಿ ಬರುವಾಗ ಅವನ ಮುಂದೆ ಒಂದು ಕ್ಷಣ ನಿಲ್ಲುತ್ತಾಳೆ.

“ಇವತ್ತರ ಬರ್ರಿ ಅಣ್ಣಾ.”

“ಮುಂದಿನ ತಿಂಗಳ ನೋಡೂಣು ತಂಗಿ.”

“ನೋಡ್ರಿ,” ಎನ್ನುತ್ತಾಳೆ. ಆಶೀರ್ವಾದ ಮುಗಿಯುವ ಮೊದಲೇ ಚೀಲ ಹೆಗಲಿಗೆ ಹಾಕಿಕೊಂಡು ಗೋಕಾಕದ ಬಸ್ಸಿಗೆ ನಡೆಯುತ್ತಾಳೆ. ಮಧ್ಯಾಹ್ನದ ಪಾಳಿಗೆ ಹೊತ್ತಾಗಿರುತ್ತದೆ.